ಇಲ್ಲ ಅಂದರೆ ಎಡಗಡೆ

ಜುಲೈ 9, ಬುಧವಾರ

ಅಂತೂ ಮುಗಿಯಿತು. ಮಧ್ಯಾಹ್ನ ಯಶೋಧ ಕಾಲೇಜಿಗೆ ಬಂದು ಟ್ಯಾಬ್ಲೆಟ್ಟನ್ನು ನನ್ನ ಮೇಜಿನ ಮೇಲಿಟ್ಟು, "ತಗಳಿ ಮೇಡಂ, ನಾಗಮಂಗಲದ ಕೊನೇ ಮನೇನೂ ಆಯ್ತು. ಇನ್ನು ಯಾರನ್ನೂ ನಿಮಗೆ ಸಿಟ್ಟು ಬತ್ತದಾ ಅಂತ ಕೇಳಕಿಲ್ಲ ನಾನು" ಅಂದಳು. ಇಬ್ಬರೂ ಬಸ್ ಸ್ಟ್ಯಾಂಡಿನ ಹೋಟೆಲಿಗೆ ಹೋಗಿ ಬೋಂಡ ತಿಂದೆವು. ಬಿಸಿಲಿನಲ್ಲಿ ಊರೂರು ಸುತ್ತಿ ಅವಳ ಮುಖ ಬಾಡಿದೆ, ಆದರೆ ನಗು ಹಾಗೇ ಇದೆ.

ಹಿರಿಯರ ಸ್ವಭಾವವನ್ನು ಅಳೆಯಲು ಕನ್ನಡದಲ್ಲಿ ಒಂದು ಪ್ರಶ್ನಾವಳಿ ತಯಾರಿಸುತ್ತೇನೆಂದು ಹೊರಟು ಆರು ವರ್ಷವಾಯಿತು. ಜನ ನಲವತ್ತೊಂದಕ್ಕೆ ಮಗಳ ಮದುವೆಯ ಯೋಚನೆ ಮಾಡುತ್ತಾರೆ, ನಾನು ಪಿಎಚ್.ಡಿ. ಮಾಡುತ್ತಿದ್ದೇನೆ. ಶ್ರೀರಂಗಪಟ್ಟಣ, ಕೆ.ಆರ್. ಪೇಟೆ ನನ್ನ ಪಾಲು. ನಿವೃತ್ತ ಮೇಷ್ಟ್ರುಗಳು, ಗುಮಾಸ್ತರು, ಅಂಗಡಿಯವರು. ಕಾಗದ ಕೊಟ್ಟರೆ ಕನ್ನಡಕ ಹಾಕಿಕೊಂಡು ತಾವೇ ತುಂಬಿದರು. ಪಾಂಡವಪುರ, ನಾಗಮಂಗಲದ ಹಳ್ಳಿಗಳು ಯಶೋಧಳ ಪಾಲು. ಅಲ್ಲಿ ಅವಳೇ ಒಂದೊಂದು ಹೇಳಿಕೆಯನ್ನು ಓದಿ, ಅವರು ಕೊಟ್ಟ ಉತ್ತರವನ್ನು ಟ್ಯಾಬ್ಲೆಟ್ಟಿನಲ್ಲಿ ಒತ್ತಬೇಕು. ಅವಳು ನನ್ನ ಹಳೆಯ ವಿದ್ಯಾರ್ಥಿನಿ, ಚಿನಕುರಳಿಯ ರೈತರ ಮನೆಯ ಹುಡುಗಿ, ಹೋದ ವರ್ಷ ಎಂ.ಎ. ಮುಗಿಸಿದವಳು. ನನ್ನ ಗೈಡ್ ಸರ್ ಮೈಸೂರಿನಲ್ಲಿ ಶುರು ಮಾಡುತ್ತಿರುವ ಹೊಸ ಯೋಜನೆಗೆ ಸಂಶೋಧನಾ ಸಹಾಯಕಿಯಾಗಲು ಅರ್ಜಿ ಹಾಕಿದ್ದಾಳೆ. ತಿಂಗಳ ಕೊನೆಗೆ ಸಂದರ್ಶನ. "ಸಿಕ್ಕೇ ಸಿಗುತ್ತೆ ಬಿಡು, ನಾನಿದ್ದೀನಲ್ಲ" ಎಂದೆ.

ಇವತ್ತಿನ ಅಂಕಗಳು. ಯಶೋಧ: ಅಚ್ಚುಕಟ್ಟುತನ, ಐದಕ್ಕೆ ನಾಲ್ಕೂವರೆ. ನನ್ನ ಯಜಮಾನರು ರಾಘವ: ಅಚ್ಚುಕಟ್ಟುತನ ಎರಡು, ಒದ್ದೆ ಟವೆಲು ಇವತ್ತೂ ಹಾಸಿಗೆಯ ಮೇಲೇ ಇತ್ತು. ಅತ್ತೆ: ಹೊಂದಿಕೆಯ ಗುಣ, ಐದಕ್ಕೆ ಒಂದೂವರೆ, ಅದೂ ಹಿರಿಯರೆಂಬ ಗೌರವಕ್ಕೆ. ಬೋಂಡ ತಂದಿದ್ದೇನೆ, ತಿನ್ನಲ್ವಾ ಅಂತ ಕೇಳಿದರೆ "ಇಲ್ಲ". ಟಿ.ವಿ. ನೋಡಲ್ವಾ ಅಂದರೆ "ಇಲ್ಲ". ಹದಿನಾರು ವರ್ಷದಿಂದ ಈ ಮನೆಯಲ್ಲಿ ನಾನು ಅತಿ ಹೆಚ್ಚು ಕೇಳಿದ ಪದ ಅದು.

ಪ್ರಶ್ನಾವಳಿಯ ಮೊದಲ ಕರಡನ್ನು ಎರಡು ವರ್ಷದ ಹಿಂದೆ ಅತ್ತೆಯ ಮೇಲೇ ಪ್ರಯೋಗ ಮಾಡಿದ್ದೆ. ಅದರಲ್ಲಿ "ನನ್ನ ಮನೆಯವರ ಮೇಲೆ ನನಗೆ ಮುನಿಸಿಲ್ಲ" ಎಂಬ ಹೇಳಿಕೆ ಇತ್ತು. ಹುರುಳಿಕಾಯಿಯ ನಾರು ತೆಗೆಯುತ್ತಿದ್ದವರು ತಲೆ ಎತ್ತದೆ "ಇಲ್ಲ" ಅಂದರು. ನಾನು ಒಪ್ಪುವುದಿಲ್ಲ ಎಂದು ಎಡಗಡೆ ಗುರುತು ಹಾಕಿಕೊಂಡು ಮುಂದಿನ ಹೇಳಿಕೆ ಓದಿದೆ. ಮನೆಯವರು ಅಂದರೆ ಮಗ ಮತ್ತು ನಾನು. ಮಗನ ಮೇಲಂತೂ ಅವರಿಗೆ ಮುನಿಸಿರಲು ಸಾಧ್ಯವಿಲ್ಲ.

ಜುಲೈ 12, ಶನಿವಾರ

ಲೆಕ್ಕ ಹಾಕಿದೆ. ಹಾಕಬಾರದಿತ್ತು ಅನ್ನಿಸುತ್ತಿದೆ.

ನನ್ನ ಎರಡು ತಾಲ್ಲೂಕು ಚೆನ್ನಾಗಿವೆ. ಯಶೋಧಳ ಎರಡು ತಾಲ್ಲೂಕು ತಲೆಕೆಳಗಾಗಿವೆ. ರಾಘವ ಏನಾಯಿತೆಂದು ಕೇಳಿದರು, ಊಟದ ಹೊತ್ತಿಗೆ ವಿವರಿಸಿದೆ. ಒಂದೇ ಗುಣವನ್ನು ನಾವು ಎರಡು ಥರ ಕೇಳುತ್ತೇವೆ. ಒಂದು ಕಡೆ "ನನಗೆ ಬೇಗ ಸಿಟ್ಟು ಬರುತ್ತದೆ", ಇನ್ನೊಂದು ಕಡೆ "ನನಗೆ ಬೇಗ ಸಿಟ್ಟು ಬರುವುದಿಲ್ಲ". ಕಿವಿಗೆ ಹಾಕಿಕೊಳ್ಳದೆ ಸುಮ್ಮನೆ ಹೌದು ಹೌದು ಅನ್ನುವವರನ್ನು, ಅಥವಾ ಯಾರನ್ನೂ ಕೇಳದೆ ತಾವೇ ಕೂತು ತುಂಬುವವರನ್ನು ಹಿಡಿಯಲು ಇದೊಂದು ಬಲೆ. ನಿಜವಾಗಿ ಉತ್ತರ ಕೊಟ್ಟವರು ಒಂದಕ್ಕೆ ಹೌದು ಅಂದರೆ ಇನ್ನೊಂದಕ್ಕೆ ಇಲ್ಲ ಅನ್ನಬೇಕು. ಯಶೋಧಳ ಮನೆಗಳಲ್ಲಿ ಮೊದಲನೆಯದಕ್ಕೂ ಇಲ್ಲ, ಎರಡನೆಯದಕ್ಕೂ ಇಲ್ಲ.

"ಸಿಟ್ಟು ಬರೋದೂ ಇಲ್ಲ, ಬರದೇ ಇರೋದೂ ಇಲ್ಲ. ನಿನ್ನ ಹಳ್ಳಿಯವರೆಲ್ಲಾ ವೇದಾಂತಿಗಳು ಕಣೆ" ಅಂದರು ರಾಘವ. ನನಗೆ ನಗು ಬರಲಿಲ್ಲ. ಗಾಬರಿ, ಅಂಜಿಕೆ, ಸೋಮಾರಿತನ, ಜನರ ಜೊತೆ ಬೆರೆಯುವುದು, ಯಾವ ಗುಣ ತೆಗೆದುಕೊಂಡರೂ ಇದೇ ಕಥೆ. ಸಾಲಿಗೆ ಸಾಲೇ ಎಡಗಡೆ.

ಜುಲೈ 14, ಸೋಮವಾರ

ಮೈಸೂರಿಗೆ ಹೋಗಿದ್ದೆ. ಗೈಡ್ ಸರ್ ಪರದೆಯ ಮೇಲಿನ ಸಾಲುಗಳನ್ನು ಬೆರಳಲ್ಲಿ ತೋರಿಸುತ್ತಾ ಹೋದರು. ಆಮೇಲೆ ಕನ್ನಡಕ ತೆಗೆದಿಟ್ಟರು.

"ಅರ್ಚನ, ಇದು ಜಗಲಿ ಮೇಲೆ ಕೂತು ತುಂಬಿದ್ದು. ನಾನು ಇಂಥದ್ದು ಬಹಳ ನೋಡಿದ್ದೀನಿ. ಹುಡುಗಿ ಒಳ್ಳೆಯವಳೇ ಇರಬಹುದು, ಬಿಸಿಲು, ದೂರ, ಬಸ್ಸಿಲ್ಲ. ಸುಸ್ತಾಗಿ ಒತ್ತಿಬಿಟ್ಟಿರ್ತಾಳೆ."

ಅವರು ಗಟ್ಟಿಯಾಗಿ ಬೈದಿದ್ದರೆ ವಾದ ಮಾಡಬಹುದಿತ್ತು. ಅವರಿಗೂ ಬೇಜಾರಾಗಿತ್ತು. ಅವಳ ಪಾಲಿನದನ್ನೆಲ್ಲ ಕೈಬಿಡಬೇಕು ಅಂದರು. ಅಷ್ಟೇ ಆಗಿದ್ದರೆ ಹೋಗಲಿ, ಇನ್ನೊಂದು ವರ್ಷ ಅಂದುಕೊಳ್ಳುತ್ತಿದ್ದೆ. ಸಂದರ್ಶನ ಇಪ್ಪತ್ತೆಂಟಕ್ಕೆ. "ಯಶೋಧಳ ಕೆಲಸದ ಬಗ್ಗೆ ನಿಮ್ಮ ಅಭಿಪ್ರಾಯ ಇಪ್ಪತ್ತೈದರೊಳಗೆ ಬರೆದುಕೊಡಿ. ಇದ್ದದ್ದು ಇದ್ದ ಹಾಗೆ ಬರೀರಿ. ಸುಳ್ಳು ದತ್ತಾಂಶ ಕೊಟ್ಟವಳನ್ನ ನಾನು ತಗೊಳ್ಳೋಕಾಗಲ್ಲ" ಅಂದರು. ಒಮ್ಮೆ ಹಾಗೆ ಬರೆದುಕೊಟ್ಟರೆ ಈ ಯೋಜನೆ ಮಾತ್ರವಲ್ಲ, ಆ ವಿಭಾಗದ ಬಾಗಿಲೇ ಅವಳಿಗೆ ಮುಚ್ಚಿದಂತೆ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅವಳ ಮೆಸೇಜು: "ಮೇಡಂ ರಿಸಲ್ಟು ಹೆಂಗ್ ಬಂತು?" ಉತ್ತರ ಕೊಡಲಿಲ್ಲ.

ಜುಲೈ 15, ಮಂಗಳವಾರ

ಯಶೋಧ: ಅಚ್ಚುಕಟ್ಟುತನ, ಐದಕ್ಕೆ. ಖಾಲಿ ಬಿಟ್ಟಿದ್ದೇನೆ.

ಜುಲೈ 17, ಗುರುವಾರ

ತರಗತಿ ಮುಗಿಸಿ ಚಿನಕುರಳಿಯ ಬಸ್ಸು ಹತ್ತಿದೆ, ಯಶೋಧಳಿಗೆ ಹೇಳದೆ. ಅವಳು ಕೆ.ಆರ್. ಪೇಟೆಯಲ್ಲಿ ಅಕ್ಕನ ಮನೆಯಲ್ಲಿದ್ದಾಳೆಂದು ಗೊತ್ತಿತ್ತು. ದಾರಿಯುದ್ದಕ್ಕೂ ಕಲ್ಲಿನ ಲಾರಿಗಳ ಧೂಳು, ಜೊತೆಗೆ ನನ್ನ ಮನಸ್ಸಿನದೂ ಸೇರಿ ಬಾಯಿ ಕಹಿಯಾಗಿತ್ತು. ಒಂದು ಹೆಣ್ಣುಮಗಳ ಬೆನ್ನ ಹಿಂದೆ ಅವಳ ಊರಿಗೇ ಹೋಗಿ ವಿಚಾರಿಸುವುದು ಸಂಶೋಧನಾ ವಿಧಾನದ ಯಾವ ಅಧ್ಯಾಯದಲ್ಲೂ ಇಲ್ಲ.

ಪಟ್ಟಿಯಲ್ಲಿದ್ದ ಪುಟ್ಟಲಕ್ಷ್ಮಮ್ಮ ಎಂಬಾಕೆಯ ಮನೆಗೆ ಹೋದೆ. ಆಕೆ ರಾಗಿ ಕೇರುತ್ತಿದ್ದರು. ಅವರ ಯಜಮಾನರು ಮುದ್ದಯ್ಯ ಗೋಡೆಗೆ ಒರಗಿ ಬೀಡಿ ಹುಡುಕುತ್ತಿದ್ದರು.

"ಯಶೋಧ ನಿಮ್ಮನ್ನ ಪ್ರಶ್ನೆ ಕೇಳಿದಳಾ?" ಎಂದೆ.

"ಕೇಳಿದ್ಲು ಕಣವ್ವ. ಒಂದಾ, ಎರಡಾ. ಕುಂತ್ಲು ಅಂದ್ರೆ ಏಳಕಿಲ್ಲ ಆ ಮಗ. ರಾಗಿ ಹಿಟ್ಟು ಬೀಸಕ್ಕೋಗದು ತಡ ಆಯ್ತದೆ ಅಂದ್ರೂ ಬುಡ್ನಿಲ್ಲ."

"ಅವ್ಳು ಕೇಳೋದ ಕೇಳದ್ಲು, ಇವ್ಳು ಏಳೋದ ಏಳದ್ಲು" ಅಂದರು ಮುದ್ದಯ್ಯ. "ನನ್ ಸರದಿ ಬರೋವತ್ಗೆ ನಂಗೆ ನಿದ್ದೆ ಬಂದ್ಬುಡ್ತು."

ಎದೆಯ ಮೇಲಿನ ಅರ್ಧ ಭಾರ ಇಳಿಯಿತು. ಅಲ್ಲೇ ನಿಂತು ಗೈಡ್ ಸರ್‌ಗೆ ಫೋನ್ ಮಾಡಿದೆ. ಅವರು ಸಮಾಧಾನದಿಂದಲೇ, "ಹೋಗಿರಬಹುದು ಅರ್ಚನ, ಕೇಳಿರಲೂಬಹುದು. ಆದರೆ ಸಾಲುಗಳು ಹಾಗೆ ಯಾಕಿವೆ? ಕೇಳಿದ್ದು ಒಂದು, ಒತ್ತಿದ್ದು ಇನ್ನೊಂದು ಆಗಿರಬಾರದಾ?" ಅಂದರು. ಇಳಿದಿದ್ದ ಅರ್ಧ ಮತ್ತೆ ಏರಿ ಕೂತಿತು.

ಜುಲೈ 18, ಶುಕ್ರವಾರ

ಊರೆಂದರೆ ಊರು. ಬೆಳಿಗ್ಗೆ ಎಂಟಕ್ಕೇ ಯಶೋಧಳ ಫೋನು.

"ಮೇಡಂ, ನಮ್ಮೂರ್ಗೆ ಬಂದಿದ್ರಂತೆ."

ಹೌದು ಅಂದೆ.

"ಅನುಮಾನ ಇದ್ರೆ ನನ್ನೇ ಕೇಳ್ಬೋದಿತ್ತು. ಈಗ ನಮ್ಮವ್ವನ್ನ ನಾಲ್ಕ್ ಜನ ಕೇಳವ್ರೆ, ನಿನ್ ಮಗಳು ಏನ್ ಮಾಡ್ಕಂಡ್ಲು, ಮೇಡಮ್ಮೋರು ವಿಚಾರಣೆಗೆ ಬಂದಿದ್ರಲ್ಲ ಅಂತ."

ನಡೆದದ್ದನ್ನು ಹೇಳಿದೆ: ಸಾಲುಗಳು, ಸರ್ ಅಂದದ್ದು, ಇಪ್ಪತ್ತೈದನೇ ತಾರೀಖು. "ನಾನು ಅವ್ರು ಅಂದಿದ್ನೇ ಒತ್ತಿದ್ದು ಮೇಡಂ. ನೀವು ಕಲಿಸ್ದಂಗೇನೆ" ಅಂದು ಇಟ್ಟುಬಿಟ್ಟಳು. ಆಮೇಲೆ ಎರಡು ಸಲ ಮಾಡಿದೆ, ಎತ್ತಲಿಲ್ಲ.

ಅಳು ಬಂತು. ನಾಚಿಕೆಯೂ ಆಯಿತು. ಅತ್ತೆ ಬಾಗಿಲಲ್ಲಿ ನಿಂತು ನೋಡಿ ಒಳಗೆ ಹೋದರು. ಸ್ವಲ್ಪ ಹೊತ್ತಿಗೆ ಕಾಫಿ ಬಂತು, ಮಾತು ಬರಲಿಲ್ಲ. ಬೆರೆಯುವ ಗುಣ, ಐದಕ್ಕೆ ಒಂದು. ಕಾಫಿ ಚೆನ್ನಾಗಿತ್ತು.

ಜುಲೈ 21, ಸೋಮವಾರ

ಅವಸರದಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಸೊಟ್ಟಗಾಗುತ್ತಿವೆ, ಆಗಲಿ.

ಬೆಳಿಗ್ಗೆ ತಡವಾಗಿ ಎದ್ದು ಓಡಾಡುತ್ತಿದ್ದೆ. ತಲೆ ಬಾಚಿಕೊಳ್ಳುತ್ತಿರುವಾಗ ಅಡುಗೆಮನೆಯಿಂದ ಅತ್ತೆ ಕೂಗಿದರು: "ಇವತ್ತೂ ತಿಂಡಿ ತಿನ್ನಲ್ವಾ?"

"ಇಲ್ಲ" ಅಂದೆ.

ಉಪ್ಪಿಟ್ಟಿನ ಬಾಣಲೆಗೆ ತಟ್ಟೆ ಮುಚ್ಚಿದ ಸದ್ದು ಕೇಳಿಸಿತು. ಬಾಚಣಿಗೆ ಕೂದಲಲ್ಲೇ ನಿಂತುಬಿಟ್ಟಿತು. ಅತ್ತೆಯ ಪ್ರಶ್ನೆಯೊಳಗಿದ್ದ ಮಾತು "ತಿನ್ನಲ್ಲ". ನಾನು ಅಂದದ್ದು "ಇಲ್ಲ" ಎಂದು. ನನ್ನ ಟ್ಯಾಬ್ಲೆಟ್ಟಿನ ಪ್ರಕಾರ ನಾನು ಆ ಮಾತನ್ನು ನಿರಾಕರಿಸಿದ್ದೇನೆ, ಅಂದರೆ ತಿನ್ನುತ್ತೇನೆ. ಎಡಗಡೆ ಒತ್ತಬೇಕು. ಅತ್ತೆ ಒತ್ತಲಿಲ್ಲ, ಬಾಣಲೆ ಮುಚ್ಚಿದರು.

ಜಡೆ ಹಾಗೇ ಬಿಟ್ಟು ಅಡುಗೆಮನೆಗೆ ಓಡಿದೆ. "ಅತ್ತೆ, ನಾನು ಇಲ್ಲ ಅಂದ್ನಲ್ಲ, ನೀವು ಯಾಕೆ ಮುಚ್ಚಿಟ್ರಿ?"

"ಇಲ್ಲ ಅಂದ್ಮೇಲೆ ಮುಚ್ಚಿಡದೆ ಆರತಿ ಎತ್ತಲಾ?"

"ಅಲ್ಲ, ತಿನ್ನಲ್ವಾ ಅಂದ್ರಿ, ಇಲ್ಲ ಅಂದೆ. ನಾನು ತಿನ್ನಲ್ಲ ಅಂತ ಹೇಗೆ ಗೊತ್ತಾಯ್ತು?"

ಅತ್ತೆ ಸೌಟು ಕೆಳಗಿಟ್ಟು ನನ್ನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. "ತಿನ್ನೋ ಹಾಗಿದ್ರೆ ತಿಂತೀನಿ ಅನ್ನಲ್ವೇನೇ?" ಅಂದರು.

ಪುಟ್ಟಲಕ್ಷ್ಮಮ್ಮನಿಗೆ ಬೇಗ ಸಿಟ್ಟು ಬರುವುದಿಲ್ಲ. "ನನಗೆ ಬೇಗ ಸಿಟ್ಟು ಬರುತ್ತದೆ, ಹೌದಾ ಇಲ್ಲವಾ" ಅಂದರೆ ಇಲ್ಲ ಅನ್ನುತ್ತಾರೆ. ಸರಿ. "ನನಗೆ ಬೇಗ ಸಿಟ್ಟು ಬರುವುದಿಲ್ಲ, ಹೌದಾ ಇಲ್ಲವಾ" ಅಂದರೂ ಇಲ್ಲ ಅನ್ನುತ್ತಾರೆ. ಇಲ್ಲ, ಬರುವುದಿಲ್ಲ ಅಂತ. ಹೇಳಿಕೆಯನ್ನು ಒಪ್ಪಿಕೊಂಡೇ ಅಂದ ಇಲ್ಲ ಅದು. ನಾವು ಅದನ್ನು ನಿರಾಕರಣೆ ಎಂದು ಬರೆದುಕೊಂಡೆವು. ನನ್ನ ಮೇಷ್ಟ್ರುಗಳು ಮತ್ತು ಗುಮಾಸ್ತರು ಕಾಗದದ ಮೇಲೆ ಅಚ್ಚಾಗಿದ್ದ "ಒಪ್ಪುತ್ತೇನೆ, ಒಪ್ಪುವುದಿಲ್ಲ" ಓದಿ ಗುರುತು ಹಾಕಿದ್ದರಿಂದ ಬಚಾವಾದರು. ಹಳ್ಳಿಯವರು ಬಾಯಿಬಿಟ್ಟು ಮಾತಾಡಿದ್ದೇ ತಪ್ಪಾಯಿತು.

ತರಬೇತಿಯಲ್ಲಿ ಯಶೋಧಳಿಗೆ ಹೇಳಿಕೊಟ್ಟದ್ದು ನಾನೇ, ಅದನ್ನು ಅವಳ ಕೈಲಿ ಬಾಯಿಪಾಠ ಮಾಡಿಸಿದ್ದೆ ಕೂಡ. "ಹೌದು ಅಂದರೆ ಬಲಗಡೆ, ಇಲ್ಲ ಅಂದರೆ ಎಡಗಡೆ. ಅವರೇನು ಅಂದರೋ ಅದನ್ನೇ ಒತ್ತು, ನಿನ್ನ ತಲೆ ಓಡಿಸಬೇಡ." ಎಲ್ಲರಿಗೂ ಒಂದೇ ಅಳತೆ ಇರಲಿ ಅಂತ ಮಾಡಿದ ನಿಯಮ. ಅವಳು ಒಂದು ಕೂದಲೆಳೆಯಷ್ಟೂ ಅತ್ತಿತ್ತ ಮಾಡಲಿಲ್ಲ. ಅವಳು ಕಳ್ಳಾಟ ಆಡಿದ್ದರೆ ಸಾಲುಗಳು ಇಷ್ಟು ಕೆಟ್ಟದಾಗಿರುತ್ತಿರಲಿಲ್ಲ, ಚೆಂದವಾಗಿ ಹೊಂದಿಸಿ ಒತ್ತಿರುತ್ತಿದ್ದಳು.

ಹುಟ್ಟಿದಾಗಿನಿಂದ ಕನ್ನಡ ಮಾತಾಡುತ್ತಿದ್ದೇನೆ. ಪ್ರಶ್ನಾವಳಿ ಬರೆಯುವಾಗ ಮಾತ್ರ ಯಾವ ಭಾಷೆ ಆಡುತ್ತಿದ್ದೆನೋ ಗೊತ್ತಿಲ್ಲ. ಆದರೂ ಮನಸ್ಸು ಎಷ್ಟು ಹಗುರಾಗಿದೆಯೆಂದರೆ ಕಾಲೇಜಿಗೆ ತಡವಾದರೂ ಕೂತು ಎರಡು ಸಲ ಉಪ್ಪಿಟ್ಟು ಹಾಕಿಸಿಕೊಂಡು ತಿಂದೆ. "ಇಲ್ಲ ಅಂದೆಯಲ್ಲೇ" ಅಂದರು ಅತ್ತೆ. ಇಬ್ಬರೂ ನಕ್ಕೆವು. ಅತ್ತೆಗೆ ಒಂದು ಹಲ್ಲು ಹೋಗಿದೆ, ನಾನು ನೋಡೇ ಇರಲಿಲ್ಲ.

ಯಶೋಧ ಫೋನ್ ಎತ್ತಲಿಲ್ಲ. "ತಪ್ಪು ನಿನ್ನದಲ್ಲ, ನನ್ನದು. ಏನು ಅಂತ ಗೊತ್ತಾಯಿತು. ನಾಳೆ ನಿಮ್ಮೂರಿಗೆ ಬರುತ್ತೇನೆ, ಈ ಸಲ ಹೇಳಿಯೇ ಬರುತ್ತಿದ್ದೇನೆ" ಎಂದು ಮೆಸೇಜು ಹಾಕಿದೆ.

ಜುಲೈ 22, ಮಂಗಳವಾರ

ರಜೆ ಹಾಕಿ ಹೋದೆ. ಚಿನಕುರಳಿಯ ಬಸ್ ನಿಲ್ದಾಣದಲ್ಲಿ ಯಶೋಧ ಸ್ಕೂಟರ್ ಮೇಲೆ ಕೂತಿದ್ದಳು. ಮುಖ ಬಿಗಿದುಕೊಂಡಿತ್ತು. ನಿಂತ ಜಾಗದಲ್ಲೇ ಎಲ್ಲ ಹೇಳಿದೆ. ಅವಳು ಹೆಲ್ಮೆಟ್ಟನ್ನು ಕೈಯಲ್ಲಿ ತಿರುಗಿಸುತ್ತಾ ಕೇಳಿದಳು.

"ಈಗ ಒಸಿ ತಾಳಿ" ಅಂದಳು. ಆಮೇಲೆ ತನಗೆ ತಾನೇ ಹೇಳಿಕೊಂಡಳು: "ನಂಗೆ ಬೇಗ ಸಿಟ್ಟು ಬರುವುದಿಲ್ಲ. ಇಲ್ಲ." ಮತ್ತೊಂದು ಸಲ ಹೇಳಿಕೊಂಡಳು. ಮುಖದ ಬಿಗಿ ಸಡಿಲವಾಯಿತು. "ಅಯ್ಯೋ ಮೇಡಂ. ನಂಗೂ ತಿಳೀನಿಲ್ಲ. ಒತ್ತೋದು, ಮುಂದ್ಕೋಗದು, ಒತ್ತೋದು, ಮುಂದ್ಕೋಗದು. ಇಷ್ಟು ದಿನದಾಗೆ ಒಂದ್ ಸಲನೂ ಒಳೀನಿಲ್ವಲ್ಲ."

"ನನಗೂ ಹೊಳೆದಿರಲಿಲ್ಲ" ಎಂದೆ. ಹಾಗೇ, "ನಿನ್ನನ್ನೇ ಮೊದಲು ಕೇಳಬೇಕಿತ್ತು. ಕೇಳಲಿಲ್ಲ. ಅದಕ್ಕೆ ಕ್ಷಮಿಸು" ಅಂದೆ. ಅವಳು ಗಾಡಿ ಸ್ಟಾರ್ಟ್ ಮಾಡಿ, "ಕುತ್ಕಳಿ. ಮೊದ್ಲು ನಮ್ಮನೆಗೆ. ನಮ್ಮವ್ವನ ಮುಂದೆ ಇದ್ನೇ ಇನ್ನೊಂದ್ ಸಲ ಏಳಿ" ಅಂದಳು. ಹೇಳಿದೆ. ಅಕ್ಕಪಕ್ಕದವರಿಗೂ ಕೇಳಿಸಲಿ ಅಂತ ಸ್ವಲ್ಪ ಜೋರಾಗಿಯೇ ಹೇಳಿದೆ. ಅವಳ ತಾಯಿ ಮಜ್ಜಿಗೆ ಕೊಟ್ಟರು, ಲೋಟ ಖಾಲಿಯಾಗುತ್ತಿದ್ದಂತೆ ಮತ್ತೆ ತುಂಬಿದರು.

ಅಲ್ಲಿಂದ ಪುಟ್ಟಲಕ್ಷ್ಮಮ್ಮನ ಮನೆಗೆ. ಯಶೋಧ ಮೊದಲಿನ ಹಾಗೆಯೇ ಓದಿದಳು: "ನನಗೆ ಬೇಗ ಸಿಟ್ಟು ಬರುವುದಿಲ್ಲ. ಹೌದಾ, ಇಲ್ವಾ?"

"ಇಲ್ಲ."

"ಇಲ್ಲ ಅಂದ್ರೆ, ಬತ್ತದಾ?" ಎಂದು ನಾನು ಬಾಯಿ ಹಾಕಿದೆ.

"ಬರಕಿಲ್ಲ ಅಂತ ಏಳ್ತಿವ್ನಲ್ಲವ್ವ. ಮೊನ್ನೆ ಬಂದು ಕೇಳದ್ರಿ, ಇವತ್ತೂ ಕೇಳ್ತೀರಿ. ಇಂಗೇ ಕೇಳ್ತಿದ್ರೆ ಬತ್ತದೆ ನೋಡಿ."

ಮುದ್ದಯ್ಯನ ಕಡೆ ತಿರುಗಿದೆವು. ಅದೇ ಹೇಳಿಕೆ. "ಇಲ್ಲ" ಅಂದರು ಅವರೂ, ಆಮೇಲೆ ಹೆಂಡತಿಯ ಕಡೆ ನೋಡಿ, "ಇಲ್ಲ, ಬತ್ತದೆ, ಬತ್ತದೆ. ಸುಳ್ಳು ಯಾಕೆ ಏಳಾನ" ಅಂದರು.

ಅಲ್ಲಿಗೆ ಇನ್ನೊಂದು ಗೊತ್ತಾಯಿತು. ಎಡಗಡೆಯದನ್ನೆಲ್ಲ ಮನೆಯಲ್ಲೇ ಕೂತು ಬಲಗಡೆಗೆ ತಳ್ಳಿಬಿಟ್ಟರೆ ಆಗುವುದಿಲ್ಲ. ಇಲ್ಲ ಎಂಬ ಪದದ ಹಿಂದೆ ಬಾಲವಿದೆ, ಬಾಲ ನೋಡದೆ ಅದು ಯಾವ ಪ್ರಾಣಿ ಅಂತ ಹೇಳಲಾಗದು. ಮತ್ತೆ ಎಲ್ಲ ಮನೆಗೂ ಹೋಗಬೇಕು. ಹೇಳಿಕೆ ಓದುವ ಬದಲು ಜನ ಕೇಳುವ ಹಾಗೆ ಕೇಳಬೇಕು: ಸಿಟ್ಟು ಬತ್ತದೋ, ಬರಕಿಲ್ವೋ? ಹಾಗೆ ಕೇಳಿದಾಗ ಪುಟ್ಟಲಕ್ಷ್ಮಮ್ಮ "ಬರಕಿಲ್ಲ" ಅಂದರು, ಮುದ್ದಯ್ಯ "ಬತ್ತದೆ" ಅಂದರು. ಇಬ್ಬರ ಉತ್ತರವೂ ಬರೀ ಇಲ್ಲ ಆಗಿರಲಿಲ್ಲ. ಸಂಜೆಯವರೆಗೆ ಆ ಬೀದಿಯನ್ನೆಲ್ಲ ಮುಗಿಸಿದೆವು. ಪ್ರತಿ ಮನೆಯಲ್ಲೂ ಎರಡು ಉತ್ತರ ಒಂದಕ್ಕೊಂದು ಸರಿಯಾಗಿ ಕೂತವು. ಯಶೋಧ ಒಂದೊಂದು ಸಲವೂ ನನ್ನ ಮುಖ ನೋಡಿ ಹುಬ್ಬು ಹಾರಿಸುತ್ತಿದ್ದಳು.

ಎರಡು ತಿಂಗಳ ಕೆಲಸ ಮತ್ತೆ ಮೊದಲಿನಿಂದ. ಇಷ್ಟು ಸಂತೋಷವಾಗಿ ನಾನು ಯಾವ ಕೆಲಸವನ್ನೂ ಎರಡನೇ ಸಲ ಮಾಡಲು ಹೊರಟಿಲ್ಲ.

ಜುಲೈ 23, ಬುಧವಾರ

ಇಪ್ಪತ್ತೈದರವರೆಗೆ ಕಾಯುವ ತಾಳ್ಮೆ ಇರಲಿಲ್ಲ. ಮೈಸೂರಿಗೆ ಹೋದಾಗ ಮಧ್ಯಾಹ್ನ ಎರಡು ಗಂಟೆಯಾಗಿತ್ತು. ಗೈಡ್ ಸರ್ ಕೋಣೆಯಲ್ಲಿ ಒಬ್ಬರೇ ಉತ್ತರಪತ್ರಿಕೆ ತಿದ್ದುತ್ತಿದ್ದರು. ವಿವರಣೆ ಕೊಡಬೇಕೆಂದು ದಾರಿಯುದ್ದಕ್ಕೂ ಸಿದ್ಧ ಮಾಡಿಕೊಂಡಿದ್ದೆ, ಅವರನ್ನು ಕಂಡ ಕೂಡಲೇ ಬೇರೆಯೇ ತೋಚಿತು.

"ಸರ್, ಇನ್ನೂ ಊಟಕ್ಕೆ ಹೋಗಿಲ್ವಾ?"

"ಇಲ್ಲ" ಅಂದರು ತಲೆ ಎತ್ತದೆ.

"ಹಾಗಾದ್ರೆ ಎಡಗಡೆ ಒತ್ತಲಾ ಸರ್? ಊಟ ಆಗಿದೆ ಅಂತ?"

ಪೆನ್ನು ನಿಂತಿತು. ಒಂದು ನಿಮಿಷ ನನ್ನನ್ನು ನೋಡಿದರು, ಆಮೇಲೆ ಕಿಟಕಿಯನ್ನು ನೋಡಿದರು. ಅವರ ತುಟಿ ಅಲ್ಲಾಡುತ್ತಿತ್ತು, ಹೋಗಿಲ್ಲ, ಇಲ್ಲ, ಹೋಗಿಲ್ಲ, ಇಲ್ಲ. "ಛೆ" ಅಂದರು. ಇನ್ನೊಮ್ಮೆ "ಛೆ" ಅಂದರು. ಕರಡು ತಿದ್ದಿಕೊಟ್ಟವರು ಅವರೇ. ಮೂರು ಸಲ ತಿದ್ದಿದ್ದರು.

ನಿನ್ನೆಯ ಬೀದಿಯ ಲೆಕ್ಕ ತೋರಿಸಿದೆ. ಸಾಲುಗಳನ್ನು ಮತ್ತೆ ಬೆರಳಿಟ್ಟು ನೋಡಿದರು. ಸಾಕಷ್ಟು ಪ್ರಶ್ನೆ ಕೇಳಿದರು, ಗೊಣಗಿದರು, ಎಲ್ಲ ಮನೆಗಳಿಗೂ ಮತ್ತೆ ಹೋಗಲೇಬೇಕು, ಒಂದೂ ಬಿಡುವಂತಿಲ್ಲ ಅಂದರು. "ಹೋಗ್ತೀವಿ ಸರ್" ಎಂದೆ. ಅಭಿಪ್ರಾಯ ಬರೆದ ಹಾಳೆ ಕೊಟ್ಟೆ. ಅದರಲ್ಲಿ ಅಂಕವಿಲ್ಲ. "ಯಶೋಧ ಜನ ಹೇಳಿದ್ದನ್ನು ಹೇಳಿದ ಹಾಗೆ ದಾಖಲಿಸಿದ್ದಾಳೆ. ಕೇಳುವ ಕ್ರಮ ತಪ್ಪಾಗಿತ್ತು, ಅದು ನನ್ನದು" ಎಂದು ಬರೆದಿದ್ದೆ.

ಅವರು ಓದಿ ಫೈಲಿನಲ್ಲಿ ಇಟ್ಟುಕೊಂಡರು. "ಪಾಪ, ಆ ಹುಡುಗಿಯ ಬಗ್ಗೆ ನಾನು ಹಾಗೆ ಅನ್ನಬಾರದಿತ್ತು" ಅಂದರು. ಆಮೇಲೆ ಇಬ್ಬರೂ ಕೆಳಗೆ ಹೋಗಿ ಮೊಸರನ್ನ ತಿಂದೆವು.

ಜುಲೈ 28, ಸೋಮವಾರ

ಸಂದರ್ಶನ ಹನ್ನೊಂದಕ್ಕೆ. ಇಡೀ ತರಗತಿಯಲ್ಲಿ ನನ್ನ ಗಮನ ಫೋನಿನ ಮೇಲೆ. ಮಕ್ಕಳಿಗೆ ಕಳವಳದ ಬಗ್ಗೆ ಪಾಠ ಮಾಡುತ್ತಿದ್ದೆ, ಉದಾಹರಣೆಗೆ ಬೇರೆ ಕಡೆ ಹೋಗಬೇಕಾಗಿರಲಿಲ್ಲ.

ಮೂರೂವರೆಗೆ ಕರೆ ಬಂತು. "ಮೇಡಂ, ಹುಣಸೂರಿನವ್ರೂ ಇದ್ರು, ಹಾಸನದವ್ರೂ ಇದ್ರು. ಸರ್ರು ಒಂದೇ ಪ್ರಶ್ನೆ ಕೇಳಿದ್ದು ನನ್ನ. ಮತ್ತೆ ಆ ಹಳ್ಳಿಗಳ್ಗೆಲ್ಲಾ ಹೋಗಕ್ಕೆ ಬೇಜಾರಿಲ್ವಾ ಅಂದ್ರು."

"ನೀನೇನಂದೆ?"

"ಇಲ್ಲ ಅಂದೆ. ಎಲ್ಲಾ ನಗಾಡ್ಬುಟ್ರು. ಸೇರ್ಕೋ ಅಂದವ್ರೆ ಮೇಡಂ, ಮುಂದಿನ್ ತಿಂಗ್ಳಿಂದ."

ಸ್ಟಾಫ್ ರೂಮಿನಲ್ಲಿ ಎಲ್ಲರಿಗೂ ಬ್ರೆಡ್ ಬಜ್ಜಿ ತರಿಸಿದೆ. ಯಾಕೆಂದು ಕೇಳಿದವರಿಗೆ ನನ್ನ ವಿದ್ಯಾರ್ಥಿನಿಗೆ ಕೆಲಸ ಸಿಕ್ಕಿತು ಅಂದೆ. ಮನೆಗೆ ಬಂದು ಅತ್ತೆಗೆ ಹೇಳಿದೆ. ಅತ್ತೆ ದೇವರ ಮುಂದೆ ಒಂದು ತುಪ್ಪದ ದೀಪ ಹಚ್ಚಿದರು. ಅವರು ಯಶೋಧಳನ್ನು ಒಂದೇ ಸಲ ನೋಡಿರುವುದು.

ಆಗಸ್ಟ್ 2, ಶನಿವಾರ

ಶ್ರಾವಣದ ಶನಿವಾರವೆಂದು ಅತ್ತೆಯನ್ನು ಕರಿಘಟ್ಟಕ್ಕೆ ಕರೆದುಕೊಂಡು ಹೋಗಿದ್ದೆ. ನಾನೇ ಹೊರಡಿಸಿದ್ದು. ಅವರ ಮಂಡಿಗೆ ಮೆಟ್ಟಿಲು ಆಗದು, ಆಟೋ ಮಾಡಿಕೊಂಡು ರಸ್ತೆಯಲ್ಲೇ ಮೇಲೆ ಹೋದೆವು. ಜನ ಬಹಳ. ದರ್ಶನ ಮುಗಿಸಿ, ಪ್ರಸಾದದ ಪುಳಿಯೋಗರೆ ಹಿಡಿದು ಪ್ರಾಕಾರದ ಹೊರಗೆ ನೆರಳಿನಲ್ಲಿ ಕೂತೆವು. ಕೆಳಗೆ ಲೋಕಪಾವನಿ ನದಿ ಬಂದು ದೊಡ್ಡ ಹೊಳೆಗೆ ಸೇರುವುದು ಕಾಣುತ್ತಿತ್ತು. ಮಾವನವರು ನಂಜುಂಡಯ್ಯನವರು ಇದ್ದಾಗ ಇಬ್ಬರೂ ಮೆಟ್ಟಿಲು ಹತ್ತಿಯೇ ಬರುತ್ತಿದ್ದರಂತೆ, ಅವರು ಮಧ್ಯದಲ್ಲಿ ಕೂತು ಏದುಸಿರು ಬಿಡುವಾಗ ಅತ್ತೆ ಮೇಲೆ ಹತ್ತಿ ನಿಂತು ಕೂಗುತ್ತಿದ್ದರಂತೆ. ಇದನ್ನೆಲ್ಲ ನನಗೆ ಮೊದಲು ಹೇಳಿರಲಿಲ್ಲ. ನಾನು ಕೇಳಿರಲಿಲ್ಲ ಅನ್ನಿಸುತ್ತದೆ.

ಮಂಡಿ ನೋವಿಲ್ವಾ ಅತ್ತೆ ಅಂದೆ. "ಇಲ್ಲ" ಅಂದರು. ನೋವಿಲ್ಲ ಅಂತಲೇ ಅರ್ಥವಾಯಿತು. ಇನ್ನೂ ಸ್ವಲ್ಪ ಹೊತ್ತು ಕೂರೋದು ಬೇಡ್ವಾ ಅಂದೆ. ಅದಕ್ಕೆ ಇಲ್ಲ ಅನ್ನಲಿಲ್ಲ, "ಕೂರೋಣ" ಅಂದರು.

ಆಗ ನೆನಪಾಯಿತು. ಹುರುಳಿಕಾಯಿ, ನಾರು, ತಲೆ ಎತ್ತದೆ ಅಂದ ಆ ಒಂದು ಪದ, ನಾನು ಎಡಗಡೆ ಹಾಕಿಕೊಂಡ ಗುರುತು. ಇಷ್ಟು ದಿನ ಊರೂರಿಗೆ ಹೋಗಿ ಎಲ್ಲರ ಇಲ್ಲವನ್ನೂ ತಿರುಗಿಸಿ ನೋಡಿದ್ದೇನೆ, ಮನೆಯಲ್ಲಿದ್ದ ಮೊಟ್ಟಮೊದಲನೆಯದನ್ನೇ ನೋಡಿರಲಿಲ್ಲ. ಪುಳಿಯೋಗರೆಯ ಪೊಟ್ಟಣ ಮಡಿಸಿ ಪಕ್ಕಕ್ಕಿಟ್ಟೆ.

"ಅತ್ತೆ, ಒಂದು ಕೇಳಲಾ? ಮನೆಯವರ ಮೇಲೆ ನಿಮಗೆ ಮುನಿಸು ಇದೆಯೋ, ಇಲ್ವೋ?"

ಅತ್ತೆ ನನ್ನ ಕಡೆ ತಿರುಗಿದರು. ಬೆರಳಿಗಂಟಿದ ಎಳ್ಳನ್ನು ಸೆರಗಿನ ತುದಿಯಿಂದ ಒರೆಸಿಕೊಂಡರು.

"ಇಲ್ಲ ಅಂತ ಅವತ್ತೇ ಹೇಳಿದ್ನಲ್ಲೇ. ಬರ್ಕೊಳ್ಳಲಿಲ್ವಾ?"

"ಇಲ್ಲ ಅತ್ತೆ" ಅಂದೆ.